ಸುತ್ತು ದಾರಿ

ಲಾರಿ, ಬಸ್ಸು, ಕಾರುಗಳ ಸೀಟಿಗೆ ರೆಕ್ಸಿನ್ ಹೊಲಿಯುವ ಆ ಅಂಗಡಿ ಅಪ್ಪನ ಕಾಲದ್ದು, ಹಿಂದೆಯೇ ಮನೆ. ಅಪ್ಪ ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಮುಂದೆ ಮಗಳು ಕೂತಳು. ಗಾಡಿಯಿಂದ ಸೀಟು ಬಿಚ್ಚಿ ತರುವುದು, ಸ್ಪಂಜು ಕತ್ತರಿಸುವುದು, ಮತ್ತೆ ಕೂರಿಸುವುದು ಮಗನ ಪಾಲಿಗೆ ಬಂತು. ಅವನು ಅಕ್ಕಾ ಅಕ್ಕಾ ಎಂದು ಕೂಗುತ್ತಿದ್ದುದನ್ನು ಕೇಳಿ ಕೇಳಿ, ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯತೊಡಗಿದ್ದರು.

ತಮ್ಮ ಬಾಯಿಬಡುಕ. ದಢೂತಿ ಲಾರಿ ಡ್ರೈವರೊಬ್ಬ ಸೀಟು ಹರಿದಿದೆ ಎಂದು ಬಂದರೆ, "ಹರಿದಿಲ್ಲ ಅಣ್ಣಾ, ಪಾಪ, ಶರಣಾಗಿದೆ" ಎನ್ನುತ್ತಿದ್ದ. ಡ್ರೈವರ್ ನಕ್ಕು ಅವನ ತಲೆಗೊಂದು ಮೊಟಕಿ ಹೋಗುತ್ತಿದ್ದ. ತಮ್ಮನಿಗೆ ತಕ್ಕ ಗೆಳೆಯ ಗಿರಗಿಟ್ಲೆ. ಒಂದು ಕಡೆ ನಿಲ್ಲದವನೆಂದು ಆ ಹೆಸರು. ಪಕ್ಕದ ಬೀದಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಅವನು ಮಧ್ಯಾಹ್ನ ಇವರ ಮನೆಯಲ್ಲೇ ಉಣ್ಣುತ್ತಿದ್ದ. ಅಮ್ಮ ಅವನನ್ನು ಕರೆದದ್ದೂ ಇಲ್ಲ, ಬೇಡವೆಂದದ್ದೂ ಇಲ್ಲ.

ಹಿಂದಿನ ವರ್ಷ ಆ ಬಡಾವಣೆಯ ಹುಡುಗನೊಬ್ಬನನ್ನು ವಿಚಾರಣೆಗೆಂದು ಠಾಣೆಗೆ ಕರೆದೊಯ್ದರು. ಅವನು ಹೆಣವಾಗಿ ಹಿಂತಿರುಗಿದ. ಹುಡುಗರೆಲ್ಲ ಬೀದಿಗಿಳಿದರು. ಮಾರುಕಟ್ಟೆಯ ಚೌಕದಲ್ಲಿ ಮೊದಲು ಘೋಷಣೆ, ಆಮೇಲೆ ಲಾಠಿ, ಆಮೇಲೆ ಕಲ್ಲು, ಕೊನೆಗೆ ಗುಂಡು. ಕಲ್ಲೇಟಿಗೆ ಒಬ್ಬ ಪೊಲೀಸನ ಕಣ್ಣು ಹೋಯಿತು. ತಮ್ಮನ ಹೊಟ್ಟೆಗೆ ಗುಂಡು ಬಿತ್ತು. ಪೊಲೀಸ್ ವ್ಯಾನಿನಲ್ಲೇ ಅವನನ್ನು ಆಸ್ಪತ್ರೆಗೆ ಒಯ್ದರು. ಅಲ್ಲಿ ಇಳಿಸುವಾಗ ಉಸಿರು ನಿಂತಿತ್ತು.

ಅಂದಿನಿಂದ ಆ ಬೀದಿಗಳಲ್ಲಿ ಖಾಕಿ ಕಂಡರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಪೊಲೀಸರೂ ಒಬ್ಬೊಬ್ಬರೇ ಆ ಕಡೆ ಬರುತ್ತಿರಲಿಲ್ಲ. ಎರಡೂ ಕಡೆಯವರಿಗೆ ಅಕ್ಷರ ಕಲಿಸಿದ್ದ ನಿವೃತ್ತ ಟೀಚರಮ್ಮ ಒಬ್ಬರಿದ್ದರು. ಅವರು ಮನೆಮನೆಗೆ, ಠಾಣೆಗೆ ಅಲೆದು, ಬೈಸಿಕೊಂಡು, ಶಾಲೆಯ ಹಾಲಿನಲ್ಲಿ ಭಾನುವಾರ ಸಂಜೆ ಎಲ್ಲರನ್ನೂ ಕೂರಿಸುವ ಏರ್ಪಾಡು ಮಾಡಿದರು. ಸಮವಸ್ತ್ರ ತೊಟ್ಟು ಬರಬಾರದು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಅವರ ಷರತ್ತು ಇಷ್ಟೇ.

ಅಕ್ಕನಿಗೆ ಹೋಗುವ ಮನಸ್ಸಿರಲಿಲ್ಲ. ಅಮ್ಮನೇ ದೂಡಿದಳು. "ನ್ಯಾಯ ಗೀಯ ಕೇಳಬೇಡ, ಅದು ಅವರ ಹತ್ತಿರ ಇಲ್ಲ. ಕೊನೇಗೆ ನನ್ನ ಮಗನ ಪಕ್ಕ ಯಾರಿದ್ರು, ಅದೊಂದು ಕೇಳ್ಕೊಂಡು ಬಾ."

ಅಕ್ಕ ಹೋಗಿ ಅದನ್ನೇ ಕೇಳಿದಳು. ಫ್ಯಾನು ಕಿರುಗುಟ್ಟುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಗಿರಗಿಟ್ಲೆ ಒಳಗೆ ಬಾರದೆ ಬಾಗಿಲಿಗೆ ಒರಗಿ ನಿಂತಿದ್ದ. "ನೋಡಿದ್ಯಾ ಅಕ್ಕಾ, ಇವರ ಹಣೆಬರಹ" ಎಂದು ದಾರಿಯುದ್ದಕ್ಕೂ ಗೊಣಗುತ್ತ ಅವಳನ್ನು ಮನೆಗೆ ಮುಟ್ಟಿಸಿದ.

ಮರುದಿನ ಬೆಳಗ್ಗೆ ಅಂಗಡಿಗೆ ನಡುವಯಸ್ಸಿನ ಒಬ್ಬ ಮನುಷ್ಯ ಬಂದ. ಅಕ್ಕ ನೆಲದ ಮೇಲೆ ರೆಕ್ಸಿನ್ ಹಾಸಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು.

"ಯಾವ ಗಾಡಿ?" ಎಂದಳು, ತಲೆ ಎತ್ತದೆ.

"ಗಾಡಿ ತಂದಿಲ್ಲಮ್ಮ. ನಿನ್ನೆ ಕೇಳಿದ್ರಲ್ಲ... ಆ ವ್ಯಾನು ಓಡಿಸಿದ್ದು ನಾನೇ."

ಅಕ್ಕನ ಕೈ ಗೆರೆಯ ನಡುವೆಯೇ ನಿಂತಿತು. ಅಲ್ಲಿದ್ದುದು ಒಂದೇ ಸ್ಟೂಲು, ಅದರ ಮೇಲೆ ಸ್ಪಂಜಿನ ತುಂಡುಗಳು. ತೆಗೆದು ಕೂರಿ ಎಂದು ಅವಳು ಹೇಳಲಿಲ್ಲ. ಅವನೂ ಕೂರಲಿಲ್ಲ.

"ವ್ಯಾನಲ್ಲಿ ಅವನ ಜೊತೆ ಯಾರಿದ್ರು?"

"ಪೊಲೀಸಿಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗ. ಗಾಯಕ್ಕೆ ತನ್ನ ಅಂಗಿನೇ ಒತ್ತಿ ಹಿಡ್ಕೊಂಡು ಕೂತಿದ್ದ. ಜೋರಾಗಿ ಅಳ್ತಿದ್ದ. ಆಮೇಲೆ ಕೆಲಸನೇ ಬಿಟ್ಟ."

"ನಮ್ಮೋನು ಏನಾದ್ರೂ ಅಂದ್ನಾ?"

"ಬೈದ. ನನ್ನ, ನಮ್ಮ ಸಾಹೇಬರ ವಂಶಾನೆಲ್ಲ ಎತ್ತಾಡಿದ. ಅಳ್ತಿದ್ದ ಹುಡುಗನಿಗೆ, ಗುಂಡು ಬಿದ್ದಿರೋದು ನಿನಗೋ ನನಗೋ ಅಂತ ಕೇಳಿದ."

ಅಕ್ಕನಿಗೆ ನಗು ಬಂದುಬಿಟ್ಟಿತು. ನಕ್ಕು, ಸೀಮೆಸುಣ್ಣ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಡ್ರೈವರ್ ರಸ್ತೆಯ ಕಡೆ ನೋಡುತ್ತ ನಿಂತ.

"ಆಮೇಲೆ ದನಿ ಸಣ್ಣಗಾಯ್ತು. ಸ್ವಲ್ಪ ಬೇಗ ಹೋಗಣ್ಣ, ಅಂದ. ಅದೇ ಕೊನೆ."

ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. "ಮಾರ್ಕೆಟ್ಟಿಂದ ಆಸ್ಪತ್ರೆ ಕೂಗಿದ್ರೆ ಕೇಳೋಷ್ಟು ದೂರ. ಹೋಗೋಷ್ಟರಲ್ಲಿ ಪ್ರಾಣ ಹೋಗೋಕೆ ಏನಾಗಿತ್ತು?"

ಅವನು ಹೇಳಲೋ ಬೇಡವೋ ಎಂಬಂತೆ ತಡವರಿಸಿದ. "ಆಸ್ಪತ್ರೆ ದಾರಿಯ ಸೇತುವೆಗೆ ಅಡ್ಡ ಟೈರು ಹಾಕಿ ಬೆಂಕಿ ಹಚ್ಚಿದ್ರು. ಹಾರ್ನ್ ಹೊಡೆದೆ, ಒಳಗಿಂದಲೇ ಕೈ ಮುಗಿದೆ. ಕಲ್ಲು ಬಿತ್ತು. ಇಳಿದು ಹೋಗಿ, ನಿಮ್ಮ ಹುಡುಗನೇ ಕಣ್ರೋ ಒಳಗಿರೋದು ಅಂತ ಹೇಳಬೇಕಿತ್ತು. ಖಾಕಿ ಹಾಕಿದ್ದೆ, ಹೆದರಿದೆ. ಹಿಂದಕ್ಕೆ ತಿರುಗಿಸಿ ಸುತ್ತು ದಾರಿ ಹಿಡಿದೆ. ಇಳೀಬೇಕಿತ್ತಮ್ಮ."

ಅಂದು ಪೊಲೀಸರನ್ನು ತಡೆಯಲು ಸೇತುವೆಯ ಮೇಲೆ ಟೈರು ಉರುಳಿಸಿ ನಿಂತ ಗುಂಪಿನ ಮುಂದಾಳು ಯಾರೆಂಬುದು ಇಡೀ ಬೀದಿಗೆ ಗೊತ್ತಿತ್ತು. ಗಿರಗಿಟ್ಲೆ.

ಡ್ರೈವರ್ ಹೋದ ಮೇಲೆ ಅಕ್ಕ ಕತ್ತರಿಸಬೇಕಾದ ಕಡೆ ಬಿಟ್ಟು ಇನ್ನೆಲ್ಲೋ ಕತ್ತರಿಸಿ ಒಂದು ದೊಡ್ಡ ಹಾಳೆ ರೆಕ್ಸಿನ್ ಹಾಳು ಮಾಡಿದಳು. ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದಳು, ಸೇತುವೆಯೊಂದನ್ನು ಬಿಟ್ಟು. ಅಮ್ಮ ಬೈಗುಳದ ಮಾತನ್ನೇ ಮತ್ತೆ ಮತ್ತೆ ಹೇಳಿಸಿಕೊಂಡಳು. "ನಿನಗೋ ನನಗೋ ಅಂದ್ನಾ? ಅವನೇ ಅದು. ಅವನೇ." ಅಷ್ಟರಲ್ಲಿ ಗಿರಗಿಟ್ಲೆ ಊಟಕ್ಕೆ ಬಂದ. ಅಕ್ಕ ಬಡಿಸಿದಳು. ಅವನ ಮುಖ ನೋಡಲು ಅವಳಿಂದಾಗಲಿಲ್ಲ.

ಮುಂದಿನ ಭಾನುವಾರ ಡ್ರೈವರ್ ಎಲ್ಲರೆದುರು ಎದ್ದು ನಿಂತು, ವ್ಯಾನು ಓಡಿಸಿದ್ದು ತಾನೇ ಎಂದ. ಬಾಗಿಲಲ್ಲಿದ್ದ ಗಿರಗಿಟ್ಲೆ ಮೊದಲ ಬಾರಿಗೆ ಒಳಗೆ ಬಂದ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಅವನೆದುರು ನಿಂತ.

"ಆಸ್ಪತ್ರೆ ಅಷ್ಟು ಹತ್ತಿರ ಇದೆ. ಯಾಕೆ ತಡ ಆಯ್ತು?"

ಡ್ರೈವರ್ ಅಕ್ಕನತ್ತ ನೋಡಿದ. ಆ ಹುಡುಗ ಯಾರೆಂದು ಅವನಿಗೂ ತಿಳಿದಿತ್ತು. ಆ ಮುಖವನ್ನು ಅಂದು ವ್ಯಾನಿನ ಗಾಜಿನಾಚೆ ನೋಡಿದ್ದ. ಆಮೇಲೆ ತಲೆ ತಗ್ಗಿಸಿ ಹೇಳಿದ. "ಗಾಬರೀಲಿ ದಾರಿ ತಪ್ಪಿದೆ."

ಹುಡುಗರ ಕಡೆಯಿಂದ ಗದ್ದಲ ಎದ್ದಿತು. ಒಬ್ಬ ಕುರ್ಚಿ ಒದ್ದ. ಟೀಚರಮ್ಮ ಕೈ ಎತ್ತಿದರು. ಗಿರಗಿಟ್ಲೆ ಮಾತ್ರ ಅಲುಗಲಿಲ್ಲ.

"ಸುಳ್ಳು ಹೇಳಬೇಡಿ ಸಾರ್" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಲಾಚುವಂತಿತ್ತು. "ಒಂದು ವ್ಯಾನು ಸೇತುವೆ ತನಕ ಬಂದಿತ್ತು. ನಾನೇ ಕಲ್ಲು ಹೊಡೆದೆ. ಅದು ಹಿಂದೆ ತಿರುಗಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಅದು ಬೇರೆ ವ್ಯಾನಾ? ಅದೊಂದು ಹೇಳಿಬಿಡಿ. ವರ್ಷದಿಂದ ಯಾರನ್ನ ಕೇಳೋದು ಅಂತ ಗೊತ್ತಾಗ್ತಿಲ್ಲ."

ಡ್ರೈವರ್ ಮತ್ತೆ ಅಕ್ಕನತ್ತ ನೋಡಿದ. ಇನ್ನೊಂದು ಸುಳ್ಳು ಅವನ ಬಾಯಿಗೆ ಬರುತ್ತಿದೆ ಎಂದು ಅಕ್ಕನಿಗೆ ತಿಳಿಯಿತು. ಆ ಸುಳ್ಳನ್ನು ಬರಗೊಟ್ಟರೆ ಹುಡುಗ ಬದುಕಿಕೊಳ್ಳುತ್ತಾನೋ, ಅಥವಾ ಅದನ್ನೇ ಅಗಿಯುತ್ತ ಒಳಗೊಳಗೇ ಸಾಯುತ್ತಾನೋ, ಅವಳಿಗೆ ಗೊತ್ತಾಗಲಿಲ್ಲ. ಎದ್ದು ನಿಂತಳು.

"ಹೌದು ಕಣೋ" ಎಂದಳು. "ಅದೇ ವ್ಯಾನು."

ಗಿರಗಿಟ್ಲೆ ಬಂದ ದಾರಿಯಲ್ಲೇ, ಯಾರಿಗೂ ತಾಗದಂತೆ ಮೈ ಓರೆ ಮಾಡಿಕೊಂಡು ಹೊರಟುಹೋದ.

ಅಂದು ಅಮ್ಮನಿಗೆ ಉಳಿದದ್ದನ್ನೂ ಹೇಳಲೇಬೇಕಾಯಿತು. ಅಮ್ಮ ಕೇಳಿಸಿಕೊಂಡಳು, ಎದ್ದು ಒಲೆಯ ಮೇಲಿದ್ದ ಪಾತ್ರೆಯನ್ನು ಇಳಿಸಿದಳು, ಗೋಡೆಗೆ ಮುಖ ಮಾಡಿ ಮಲಗಿದಳು. "ನನ್ನ ಕೈತುತ್ತು ಉಂಡು ಬೆಳೆದ ಕೈ" ಎಂದಳು. ಆಮೇಲೆ ಎಷ್ಟೋ ದಿನ ಅವಳು ಮನೆಯಲ್ಲಿ ಅವನ ಹೆಸರೆತ್ತಲಿಲ್ಲ. ಅವನೂ ಬರಲಿಲ್ಲ.

ಒಂದು ಬೆಳಗ್ಗೆ ಡ್ರೈವರ್ ಮತ್ತೆ ಅಂಗಡಿಗೆ ಬಂದ. "ಆ ಹುಡುಗ ಕೆಲಸಕ್ಕೆ ಹೋಗ್ತಿಲ್ಲವಂತೆ. ನಾನು ಬಾಗಿಲು ಬಡಿದೆ, ತೆಗೀಲಿಲ್ಲ. ನನಗೆ ಯಾಕೋ ಭಯ ಆಗ್ತಿದೆಯಮ್ಮ. ನೀವೊಂದ್ಸಲ ಬರ್ತೀರಾ?"

ಅಕ್ಕ ಚಪ್ಪಲಿ ಮೆಟ್ಟಿಕೊಳ್ಳಲು ಮನೆಯೊಳಗೆ ಹೋದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ನಡಿ, ನಾನೂ ಬರ್ತೀನಿ" ಎಂದಳು.

ಬಣ್ಣದ ಶೆಡ್ಡಿನ ಮೇಲಿನ ಒಂಟಿ ಕೋಣೆ ಅವನದು. ಅಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲು ಬಡಿದಳು. "ತೆಗೀತೀಯೋ, ಇಲ್ಲೇ ಕೂರ್ಲೋ?" ಅಗುಳಿ ಸರಿಯಿತು. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು, ಅಂಗಿ ಆ ಭಾನುವಾರದ್ದೇ. ಅಮ್ಮ ಅವನ ಬೆನ್ನಿಗೆ ಬಡಿದಳು. ಮತ್ತೆ ಬಡಿದಳು. ಅವನು ಬೆನ್ನು ಕೊಟ್ಟುಕೊಂಡು ನಿಂತ. ಅಕ್ಕ ತಡೆಯಲು ಹೋಗಲಿಲ್ಲ. ಕೈ ಸೋತ ಮೇಲೆ ಅಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಮಗ ಸತ್ತ ದಿನ ಅತ್ತದ್ದಕ್ಕಿಂತ ಜೋರಾಗಿ ಅತ್ತಳು. ಗಿರಗಿಟ್ಲೆ ಅವಳ ಕಾಲ ಬಳಿ ಕೂತ.

"ನನಗೆ ಗೊತ್ತಿರಲಿಲ್ಲಮ್ಮ" ಎಂದ.

"ಗೊತ್ತಿರಲಿಲ್ಲ ಅಂತ ನನಗೂ ಗೊತ್ತು. ಗೊತ್ತಿದ್ದು ಏನು ಮಾಡ್ಲಿ? ಎದೆ ಕೇಳಬೇಕಲ್ಲ!"

ಡ್ರೈವರ್ ಮೆಟ್ಟಿಲ ಮೇಲೆ ನಿಂತಿದ್ದ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅವನತ್ತ ತಿರುಗಿದಳು. "ನೀನೂ ಅಷ್ಟೇ, ಇಳೀಬೇಕಿತ್ತು."

"ಹೌದಮ್ಮ."

"ಇವನಿಗೆ ಒಂದು ಲೋಟ ನೀರು ತಂದುಕೊಡು. ತುಟಿ ಒಣಗಿದೆ."

ಅವನು ಒಳಗೆ ಹೋಗಿ ಕೊಡದಿಂದ ನೀರು ಬಗ್ಗಿಸಿ ತಂದ. ಗಿರಗಿಟ್ಲೆ ತಲೆಯೆತ್ತದೆ ಕೈ ಚಾಚಿ ಲೋಟ ತೆಗೆದುಕೊಂಡ.

ಭಾನುವಾರದ ಸಭೆಗಳು ಮುಂದುವರಿದವು. ಗುಂಡು ಹಾರಿಸಿದವನು ಒಮ್ಮೆಯೂ ಬರಲಿಲ್ಲ. ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಕಣ್ಣು ಕಳೆದುಕೊಂಡ ಪೊಲೀಸ್ ಬಂದು ಕೂತು, ಹಾಗೇ ಎದ್ದುಹೋಗುತ್ತಿದ್ದ. ಹುಡುಗರೂ ಪೊಲೀಸರೂ ಸೇರಿ ಒಪ್ಪಿಕೊಂಡದ್ದು ಒಂದೇ ಮಾತು: ಮುಂದೆ ಎಂಥ ಗಲಾಟೆ ಎದ್ದರೂ ಸೇತುವೆಗೆ ಅಡ್ಡ ಹಾಕುವುದಿಲ್ಲ, ಗಾಯಾಳು ಯಾರ ಗಾಡಿಯಲ್ಲಿದ್ದರೂ ಬಿಡುವುದು. ಅದನ್ನು ಹುಡುಗರ ಪರವಾಗಿ ಎದ್ದು ಓದಿದವನು ಗಿರಗಿಟ್ಲೆ. ಅರ್ಧಕ್ಕೆ ನಿಲ್ಲಿಸಿ ಕಾಗದವನ್ನು ಪಕ್ಕಕ್ಕೆ ಚಾಚಿದ. ಉಳಿದರ್ಧವನ್ನು ಡ್ರೈವರ್ ಓದಿದ.

ಗಿರಗಿಟ್ಲೆ ಬಣ್ಣದ ಕೆಲಸ ಬಿಟ್ಟು ಅಕ್ಕನ ಅಂಗಡಿಯಲ್ಲಿ ಸೀಟು ಬಿಚ್ಚಲು ನಿಂತ. ಈಗ ಅವನು ಒಂದೇ ಕಡೆ ಗಂಟೆಗಟ್ಟಲೆ ನಿಲ್ಲಬಲ್ಲ. ಗಿರಾಕಿಗಳೊಂದಿಗೆ ಮಾತು ಕಡಿಮೆ. ಮಧ್ಯಾಹ್ನ ಮತ್ತೆ ಮನೆಗೆ ಬಂದು ಉಣ್ಣುತ್ತಾನೆ. ಕೆಲವು ದಿನ ಅಮ್ಮ ಅವನಿಗೆ ಬಡಿಸಿ, ಎದುರಿಗೇ ಕೂತು, ಇನ್ನೊಂದು ತುತ್ತು ಹಾಕಿಸಿಕೋ ಎಂದು ಬಲವಂತ ಮಾಡುತ್ತಾಳೆ. ಕೆಲವು ದಿನ ಅವನ ಹೆಜ್ಜೆ ಸಪ್ಪಳ ಕೇಳಿದ್ದೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಂಥ ದಿನ ಅವನು ಬೇಗ ಬೇಗ ಉಂಡು, ಪಾತ್ರೆ ತೊಳೆದು ಬೋರಲು ಹಾಕಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಡುತ್ತಾನೆ.