ಅಮೃತಪ್ಪನ ತೊಗರಿ ಹಲ್ಲು

ಮಲಕಪೇಟೆಯ ಅಮರಯ್ಯನವರ ಮಂಡಿಯಲ್ಲಿ ಅಮೃತಪ್ಪ ಒಂದು ಕಾಳು ಕಡಿಯುವ ತನಕ ಲಾರಿಯಿಂದ ತೊಗರಿಯ ಚೀಲ ಇಳಿಯುತ್ತಿರಲಿಲ್ಲ. ಇಪ್ಪತ್ತೇಳು ವರ್ಷದ ಪದ್ಧತಿ ಅದು. ಎಡಗಡೆಯ ಕೆಳದವಡೆಯ ಹಲ್ಲಿಗೆ ಕಾಳಿಟ್ಟು ಕಡಿದು ಅವನು "ಒಣಗೈತಿ" ಅಂದರೆ ಇಳಿಸಬೇಕು. "ಹಸಿ ಐತಿ" ಅಂದರೆ ಲಾರಿಗೆ ಬಂದ ದಾರಿಗೆ ಸುಂಕವಿಲ್ಲ. ತೇವ ಅಳೆಯುವ ಯಂತ್ರವೂ ಮಂಡಿಯಲ್ಲಿತ್ತು. ಆಯುಧಪೂಜೆಯ ದಿನ ಹಚ್ಚಿದ ಕುಂಕುಮ ಇನ್ನೂ ಅದರ ಮೇಲೆ ಹಾಗೇ ಇತ್ತು.

ಅಂಥ ಹಲ್ಲು ಈಗ ಕೈಕೊಟ್ಟಿತು. ಒಂದು ತಿಂಗಳು ಅಮೃತಪ್ಪ ಲವಂಗ ಕಚ್ಚಿಕೊಂಡು ಯಾರಿಗೂ ಹೇಳದೆ ದೂಡಿದ. ಕೆನ್ನೆ ಊದಿ ತಾನೇ ಎಲ್ಲರಿಗೂ ಹೇಳಿತು. ಹೆಂಡತಿ ಸೂಗಮ್ಮ ಕಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಟ್ಟರೆ ತಕರಾರಿಲ್ಲದೆ ಉಂಡ. ಮದುವೆಯಾದಾಗಿನಿಂದ ಅವನು ತಕರಾರಿಲ್ಲದೆ ಉಂಡದ್ದು ಅದೇ ಮೊದಲು. ಸೂಗಮ್ಮ ಗಾಬರಿಯಾಗಿ, ಮರುದಿನವೇ ದಿಲ್‌ಸುಖ್‌ನಗರದ ಹಲ್ಲಿನ ದವಾಖಾನೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಮಧುರಾ ರಾಯಚೂರಿನವಳು. ರೋಗಿಗಳನ್ನು ತೆಲುಗಿನಲ್ಲಿ ಕರೆದು, ತನ್ನ ಕಡೆಯವರು ಸಿಕ್ಕರೆ ಕನ್ನಡದಲ್ಲಿ ಬೈಯುತ್ತಿದ್ದಳು. ಎಕ್ಸ್‌ರೇ ನೋಡಿ ಹೇಳಿದಳು: "ಕಾಕಾ, ಹುಳುಕು ನರದ ತನಕ ಹೋಗೇತಿ. ಬೇರಿನ ತುದಿಗೆ ಕೀವು ಆಗೇತಿ. ರೂಟ್ ಕೆನಾಲ್ ಮಾಡಬೇಕು."

"ಅಂದ್ರ?"

"ಹಲ್ಲಿನೊಳಗ ಟೊಳ್ಳು ಇರತೈತಿ, ಅದರಾಗ ನರ. ಅದು ಕೊಳತೈತಿ. ಮ್ಯಾಲಿಂದ ತೂತು ಮಾಡಿ ಕೊಳತದ್ದು ತೆಗೀತೀನಿ, ಬೇರಿನ ತನಕ ತೊಳದು ಔಷಧ ಇಟ್ಟು ಮುಚ್ಚತೀನಿ. ಮುಂದಿನ ವಾರ ಬಂದ್ರ ಪೂರ್ತಿ ತುಂಬತೀನಿ, ಆಮ್ಯಾಲೆ ಹಲ್ಲಿನ ಮ್ಯಾಲ ಟೊಪ್ಪಿಗಿ ಹಾಕತೀನಿ. ಹಲ್ಲು ಉಳೀತೈತಿ."

"ನರ ತೆಗದ್ರ ಹಲ್ಲು ಸತ್ತಂಗಲ್ಲೇನವ್ವಾ? ಸತ್ತ ಹಲ್ಲಿಗೆ ಹಸಿ ಒಣ ಹ್ಯಾಂಗ ತಿಳೀತೈತಿ?"

"ಬಿಸಿ, ತಣ್ಣಗ ತಿಳಿಯಂಗಿಲ್ಲ. ಕಡದದ್ದು ತಿಳೀತೈತಿ. ಅದನ್ನ ಹೇಳೂದು ಬೇರಿನ ಸುತ್ತಿರೋ ಪದರ, ಒಳಗಿನ ನರ ಅಲ್ಲ."

ಅಮೃತಪ್ಪ ನಂಬಲಿಲ್ಲ. ಈಕೆ ಓದಿದವಳೇ ಹೊರತು ತೊಗರಿ ಕಡಿದವಳಲ್ಲ. ಕಿತ್ತೇ ಬಿಡು ಅನ್ನೋಣವೆಂದರೆ, ಬಲಗಡೆಯ ದವಡೆಹಲ್ಲುಗಳನ್ನು ಯಾದಗಿರಿಯಲ್ಲಿ ಯಾವನೋ ಎಂದೋ ಕಿತ್ತು ಮುಗಿಸಿದ್ದ. ಉಳಿದದ್ದು ಇದೊಂದೇ. ಇದೂ ಹೋದರೆ ಮಂಡಿಯಲ್ಲಿ ತಾನು ಬರೀ ವಯಸ್ಸಾದ ಮನುಷ್ಯ. ಅವನಿಗೆ ಸೂಜಿಗಿಂತ ಆ ಯೋಚನೆಯೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೊನೆಗೆ ಹೂಂ ಅಂದ.

ಸೂಜಿ ಚುಚ್ಚಿದ ಮೇಲೆ ಅರ್ಧ ಮುಖ ಎಲ್ಲಿಗೋ ಹೋಯಿತು. ಒಂದು ತಾಸಿನ ನಂತರ ಮಧುರಾ ಕೈಗವಸು ಕಳಚುತ್ತ, "ಮರಗಟ್ಟಿದ್ದು ಬಿಡೂ ತನಕ ಏನೂ ತಿನ್ನಬ್ಯಾಡ್ರಿ. ಟೊಪ್ಪಿಗಿ ಹಾಕೂ ತನಕ ಆ ಹಲ್ಲಿಂದ ಗಟ್ಟಿ ಏನೂ ಕಡೀಬ್ಯಾಡ್ರಿ" ಎಂದಳು.

"ತೊಗರಿನೂ ಗಟ್ಟಿನ ಐತಿ" ಎಂದಳು ಸೂಗಮ್ಮ, ಗಂಡನ ಕಡೆ ನೋಡದೆ.

ಹೊರಗೆ ಬರುವಷ್ಟರಲ್ಲಿ ಅಮರಯ್ಯನವರ ಫೋನು. ತಾಂಡೂರಿನಿಂದ ಲಾರಿ ಬಂದು ನಿಂತಿತ್ತು, ಹಮಾಲರು ಕೂತಿದ್ದರು. "ಬರಾಕ ಆಗಲಿಲ್ಲಂದ್ರ ಇರ್ಲಿ ಅಮೃತಪ್ಪಾ, ಯಂತ್ರ ತೆಗೀತೀನಿ."

ಅಮೃತಪ್ಪ ಸೂಗಮ್ಮನನ್ನು ಮನೆಯ ಕಡೆಯ ಬಸ್ಸು ಹತ್ತಿಸಿ, ಆಟೋ ಹಿಡಿದ.

ಮಂಡಿಯಲ್ಲಿ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಕಾಳು ಎಲ್ಲಿ ಕೂತಿದೆಯೆಂದು ತಿಳಿಯದೆ ಬೆರಳು ಹಾಕಿ ಸರಿಪಡಿಸಿಕೊಂಡ. ಕಡಿದ. ಏನೂ ಇಲ್ಲ. ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ, ಹಲ್ಲೇ ಇಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಹಸಿಯೋ ಒಣವೋ ಅವನಿಗೆ ತಿಳಿಯಲಿಲ್ಲ. ಅಮರಯ್ಯನವರು ಎದ್ದು ಯಂತ್ರದ ಕಡೆ ಕೈ ಚಾಚಿದರು.

ಅಮೃತಪ್ಪ ಇನ್ನೊಂದು ಕಾಳು ಹಾಕಿಕೊಂಡ. ಬೇರೆ ಏನೂ ಮಾಡಲು ತೋಚದೆ ಕಣ್ಣು ಮುಚ್ಚಿದ. ಕಡಿದ. ದವಡೆಯಿಂದ ಸದ್ದು ಕಿವಿಗೆ ಏರಿತು. ಕಟ್ ಅನ್ನಬೇಕಾದ ಕಾಳು ಪಚ್ ಅಂದಿತ್ತು. ಇಷ್ಟು ವರ್ಷವೂ ಹಸಿ ಒಣ ಹೇಳುತ್ತಿದ್ದದ್ದು ಈ ಸದ್ದೇ; ಹೊಗಳಿಕೆ ಮಾತ್ರ ಹಲ್ಲಿಗೆ ಹೋಗುತ್ತಿತ್ತು.

"ಹಸಿ ಐತಿ" ಎಂದ. ತುಟಿಯಂಚಿನಿಂದ ಜೊಲ್ಲೂ ಇಳಿಯಿತು.

ಲಾರಿಯವನು ಜಗಳಕ್ಕೆ ನಿಂತ. ಅಮರಯ್ಯನವರು ಕುಂಕುಮ ಒರೆಸಿ ಯಂತ್ರಕ್ಕೆ ಕಾಳು ಹಾಕಿದರು. ಅದು ನೂರಕ್ಕೆ ಹದಿನಾರು ತೋರಿಸಿತು. ಅಷ್ಟು ತೇವವಿದ್ದರೆ ತೊಗರಿ ಮೊಳಕೆ ಬರುವುದೊಂದೇ ಬಾಕಿ. ಅವರು ಯಂತ್ರವನ್ನು ತಿರುಗಿ ಗೂಡಿನಲ್ಲಿಟ್ಟರು.

ಮುಂದಿನ ವಾರ ಮಧುರಾ ಬಾಯಿಯೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿದಳು. ಮುಚ್ಚಿದ್ದ ಔಷಧ ಒಂದು ಕಡೆ ಕಿತ್ತುಹೋಗಿತ್ತು. ಕೆನ್ನೆಯ ಒಳಗೆ ಹಲ್ಲು ನೆಟ್ಟ ಗಾಯವಿತ್ತು.

"ಏನು ಕಡದ್ರಿ, ಕಾಕಾ?"

"ತೊಗರಿ" ಎಂದಳು ಸೂಗಮ್ಮ.

ಮಧುರಾ ಬೈದಳು. ಅಮೃತಪ್ಪ ಅಷ್ಟನ್ನೂ ಬಾಯಿ ತೆರೆದುಕೊಂಡೇ ಕೇಳಿದ. ಮುಗಿದ ಮೇಲೆ ಕುರ್ಚಿಯಲ್ಲಿ ಆರಾಮಾಗಿ ಒರಗಿಕೊಂಡ.

"ನರ ಎಷ್ಟು ಬೇಕಾದ್ರೂ ತೆಗಿಯವ್ವಾ, ಒಂದೂ ಬಿಡಬ್ಯಾಡ" ಎಂದ. "ಕಿವಿ ಕಡೆಗೆ ಮಾತ್ರ ಹೋಗಬ್ಯಾಡ."