ನರವಲ್ಲದ ನೋವು

ಮುಖೋ ಬಂದರಿನ ಹೆಂಗಸರಲ್ಲಿ ಓಕ್ಬುನ್ ಕೈಗೆ ಸಿಗದ ಕಾಲುಗಳು ಕಡಿಮೆ. ಮೂವತ್ತೊಂದು ವರ್ಷದಿಂದ ಅವಳು ಊರಿನ ಸ್ನಾನದ ಮನೆಯಲ್ಲಿ ಮೈ ಉಜ್ಜುವವಳು. ಬಿಸಿನೀರಿನ ತೊಟ್ಟಿಯಲ್ಲಿ ನೆನೆದವರು ಅವಳ ಮೇಜಿನ ಮೇಲೆ ಬಂದು ಅಂಗಾತ ಮಲಗುತ್ತಾರೆ, ಅವಳು ಒರಟು ಬಟ್ಟೆಯ ಚೀಲ ಕೈಗೆ ತೊಟ್ಟು ಕೊಳೆ ತೆಗೆಯುತ್ತಾಳೆ. ಕೊಳೆಯ ಜೊತೆಗೆ ಮಾತೂ ಕಿತ್ತು ಬರುತ್ತದೆ. ಮೊದಲು ಸೊಸೆಯ ದೂರು, ಆಮೇಲೆ ಗಂಡನದು, ಕೊನೆಗೆ ಕಾಲಿನದು.

ಕಾಲಿನ ವಿಚಾರದಲ್ಲಿ ಓಕ್ಬುನ್‌ಗೆ ಸ್ವಲ್ಪ ಜಂಬವೇ ಇತ್ತು. ಹಿಂದೆ ಸ್ನಾನಕ್ಕೆ ಬರುತ್ತಿದ್ದ ನರ್ಸಮ್ಮ ಒಬ್ಬಳು ಒಂದು ಪರೀಕ್ಷೆ ಹೇಳಿಕೊಟ್ಟಿದ್ದಳು. ಮಲಗಿದವಳ ಮೊಣಕಾಲು ಮಡಿಸಗೊಡದೆ ಕಾಲನ್ನು ನೇರಕ್ಕೆ ಎತ್ತಬೇಕು. ಅರ್ಧ ಎತ್ತುವಷ್ಟರಲ್ಲಿ ಮೊಣಕಾಲು ದಾಟಿ ಪಾದದವರೆಗೆ ಕರೆಂಟು ಹೊಡೆದಂತಾದರೆ, ಕೂತಾಗಲೂ ಸೀನಿದಾಗಲೂ ಅದು ಜಾಸ್ತಿಯಾದರೆ, ಅದು ಸಯಾಟಿಕಾ, ಸೊಂಟದಿಂದಿಳಿಯುವ ನರದ್ದು. ಓಕ್ಬುನ್ ಹೀಗೆ ಹೇಳಿ ಕಳಿಸಿದ ಎಷ್ಟೋ ಮಂದಿಗೆ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ್ದರು. ಹೆಂಗಸರು ಅವಳನ್ನು ಡಾಕ್ಟರಮ್ಮ ಎಂದು ಕಿಚಾಯಿಸುತ್ತಿದ್ದರು, ಹಾಗೆ ಕಿಚಾಯಿಸಿದವರೇ ನೋವು ಬಂದಾಗ ಮೊದಲು ಅವಳಲ್ಲಿಗೆ ಓಡಿಬರುತ್ತಿದ್ದರು.

ಆ ವಸಂತದಲ್ಲಿ ಅವಳ ಅಕ್ಕ ಮಾಲ್ಸುಕ್ ಕಾಲೆಳೆದುಕೊಂಡು ಬಂದಳು. ತಾಯಿ ಸತ್ತಾಗ ಓಕ್ಬುನ್‌ಗೆ ಮೂರು ವರ್ಷ, ಮಾಲ್ಸುಕ್‌ಗೆ ಹತ್ತು. ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಅಕ್ಕ ಬೊಂಡಾಸ್ ಮೀನು ಸೀಳುವ ಕೆಲಸಕ್ಕೆ ಹೋದವಳು. ಅರವತ್ತೆಂಟಾದರೂ ಅದೇ ಕೆಲಸ, ನಡುನಡುವೆ ಯಾರಿಗೂ ಕಾಣದಂತೆ ಒಂದು ಸಿಗರೇಟು. ಅವಳ ಮನೆ ಗುಡ್ಡದ ನೆತ್ತಿಯಲ್ಲಿ. ಮೆಟ್ಟಿಲ ದಾರಿಯಲ್ಲಿ ನಲವತ್ತು ಹೆಜ್ಜೆ ಹತ್ತಿದರೆ ಬಲಗಾಲಿನ ಮೀನಖಂಡ ಹಿಂಡಿದಂತಾಗುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ, ಮತ್ತೆ ನಲವತ್ತು ಹೆಜ್ಜೆಗೆ ಹಿಡಿಯುತ್ತದೆ. ಹೀಗೆ ನಿಂತದ್ದನ್ನು ಯಾರಾದರೂ ನೋಡಿದರೆ ಸಮುದ್ರ ನೋಡುತ್ತಿದ್ದೇನೆ ಅನ್ನುವಳು. ಅರವತ್ತು ವರ್ಷ ನೋಡಿದ ಸಮುದ್ರ!

ಮೀನಿನ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತವರಿಗೆಲ್ಲ ಸೊಂಟ ಹೋಗಿತ್ತು. ಇಬ್ಬರು ಬೆನ್ನು ಕೊಯ್ಸಿಕೊಂಡು ಬಂದಿದ್ದರು, ಅವರಲ್ಲಿ ಒಬ್ಬಳು ಇನ್ನೂ ಸೊಟ್ಟಗೆ ನಡೆಯುತ್ತಿದ್ದಳು. ತನಗೂ ಅದೇ ಗತಿ ಎಂದು ಮಾಲ್ಸುಕ್‌ಗೆ ಹೆದರಿಕೆ. ಕಾಲು ಹೋದರೆ ಗುಡ್ಡದ ಮನೆ ಬಿಟ್ಟು ಕೆಳಗಿಳಿಯಬೇಕು, ವೃದ್ಧಾಶ್ರಮ ಸೇರಬೇಕು. ಅದೊಂದು ಬೇಡ ಎಂದು ಅವಳು ತಂಗಿಯ ಮೇಜಿನ ಮೇಲೆ ಮಲಗಿದಳು.

ಓಕ್ಬುನ್ ಕಾಲೆತ್ತಿದಳು. ಅದು ಸರಾಗವಾಗಿ ಮೇಲೆ ಹೋಯಿತು. ಮಾಲ್ಸುಕ್ ಮುಖ ಕಿವುಚಲೂ ಇಲ್ಲ. ಕೂತಾಗ ನೋವಿಲ್ಲ, ಸೀನಿದರೆ ನೋವಿಲ್ಲ.

"ಅಕ್ಕಾ, ಇದು ನರ ಅಲ್ಲ ಕಣೆ. ಚಾಕೂ ಬೇಡ, ಇಂಜೆಕ್ಷನ್ನೂ ಬೇಡ. ನಿನ್ ಕಾಲಿಗೆ ಥಂಡಿ ಹಿಡಿದಿದೆ ಅಷ್ಟೇ. ಐವತ್ತು ವರ್ಷ ಐಸ್ ನೀರಲ್ಲಿ ನಿಂತವಳು ನೀನು."

"ಖಂಡಿತ ತಾನೆ?"

"ನಾನು ಹೇಳಿ ಸುಳ್ಳಾಗಿದ್ದು ಒಂದು ತೋರ್ಸು."

ಅವಳು ಹೇಳಿದ್ದು ನಿಜವೇ ಆಗಿತ್ತು, ಅದು ನರವಲ್ಲ. ಆದರೆ ನರವಲ್ಲ ಎಂದಾಕ್ಷಣ ಅವಳ ಮನಸ್ಸು ಹಗುರಾಗಿ ಮುಂದಿನದೇನನ್ನೂ ನೋಡಲಿಲ್ಲ. ಬಿಸಿ ತೊಟ್ಟಿಯಿಂದ ಎದ್ದವರ ಪಾದ ಬೆಂದ ಸಿಗಡಿಯಂತೆ ಕೆಂಪಾಗಬೇಕು. ಅಕ್ಕನ ಎಡಪಾದ ಕೆಂಪಗಿತ್ತು, ಬಲಪಾದ ಬಿಳಿಚಿತ್ತು. ಆ ಕಾಲಿನ ರೋಮ ಉದುರಿ ಚರ್ಮ ಮಿರುಗುತ್ತಿತ್ತು. ಇದನ್ನೆಲ್ಲ ಕಣ್ಣು ಗಮನಿಸಿತು, ತಲೆ ಅದನ್ನು ಥಂಡಿಯ ಲೆಕ್ಕಕ್ಕೆ ಹಾಕಿತು. ಥಂಡಿಗೆ ಆ ಊರಲ್ಲಿ ಮದ್ದೊಂದೇ, ಬಿಸಿ.

ಬೇಸಿಗೆಯುದ್ದಕ್ಕೂ ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಓಕ್ಬುನ್ ಅಕ್ಕನ ಕಾಲ ಮೇಲೆ ಒಣ ಮಾಚಿಪತ್ರೆಯ ಪುಟ್ಟ ಉಂಡೆಗಳನ್ನಿಟ್ಟು ಹೊತ್ತಿಸಿದಳು. ಇದಕ್ಕೆ ತಲೆತಲಾಂತರದ ಒಂದು ಕ್ರಮವಿದೆ. ಮಲಗಿದವರು ಬಿಸಿ ಎಂದ ಕೂಡಲೇ ಉಂಡೆ ಎತ್ತಿಬಿಡಬೇಕು, ಹಾಗನ್ನುವವರೆಗೂ ಉರಿಯಲು ಬಿಡಬೇಕು. ಮಾಲ್ಸುಕ್ ಬಿಸಿ ಎನ್ನಲೇ ಇಲ್ಲ. ಥಂಡಿ ಎಷ್ಟು ಆಳಕ್ಕಿಳಿದಿದೆ ನೋಡು ಎಂದು ಓಕ್ಬುನ್ ಇನ್ನೊಂದು ಉಂಡೆ ಇಟ್ಟಳು. ಕಾಲ ಹೆಬ್ಬೆರಳ ಬುಡದಲ್ಲಿ, ಹಿಮ್ಮಡಿಯ ಪಕ್ಕದಲ್ಲಿ, ಹೊಗೆ ಬರುವುದು ನಿಲ್ಲುವವರೆಗೂ ಬಿಟ್ಟಳು. ಪ್ರೀತಿಯಿಂದಲೇ ಬಿಟ್ಟಳು, ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ.

ಸುಟ್ಟ ಜಾಗದಲ್ಲಿ ಬೊಬ್ಬೆ ಎದ್ದಾಗ ವಿಷ ಹೊರಗೆ ಬರುತ್ತಿದೆ ಎಂದು ಇಬ್ಬರೂ ಖುಷಿಪಟ್ಟರು. ಬೊಬ್ಬೆ ಒಡೆದು ಮಾಯಲಿಲ್ಲ. ಶರತ್ಕಾಲದ ಹಬ್ಬದ ಹೊತ್ತಿಗೆ ಹೆಬ್ಬೆರಳು ಕಪ್ಪಾಯಿತು.

ಪಕ್ಕದೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನವನು. ಅವನು ಮಾಲ್ಸುಕ್‌ಳ ಕಾಲೆತ್ತಲಿಲ್ಲ. ಎರಡು ಬೆರಳನ್ನು ಪಾದದ ಮೇಲಿಟ್ಟು ಸುಮ್ಮನೆ ಕಾದ. ಆಮೇಲೆ ಕಾಲ ಹರಡಿನ ಹಿಂದೆ, ಆಮೇಲೆ ಮೊಣಕಾಲಿನ ಹಿಂದೆ. ನಾಡಿ ಎಲ್ಲೂ ಇರಲಿಲ್ಲ.

ಹೊರಗೆ ಕರೆದು ಓಕ್ಬುನ್‌ಗೆ ಹೇಳಿದ. ನಡೆದಾಗ ಹಿಡಿದು ನಿಂತಾಗ ಬಿಡುವ ನೋವು ರಕ್ತದ ಕೊಳವೆಯದು. ವಸಂತದಲ್ಲೇ ಬಂದಿದ್ದರೆ ಕಟ್ಟಿಕೊಂಡ ಕೊಳವೆಯನ್ನು ತೆರೆಯಲು ನೋಡಬಹುದಿತ್ತು. ರಕ್ತವಿಲ್ಲದ ಕಾಲಿಗೆ ಬಿಸಿಯ ಅರಿವೂ ಮಂದವಾಗುತ್ತದೆ, ಅದರ ಮೇಲೆ ಸುಟ್ಟ ಗಾಯ ಬಿದ್ದರೆ ಮಾಯುವುದಕ್ಕೆ ದಾರಿಯೇ ಇಲ್ಲ. ಈಗ ಮೊಣಕಾಲಿನ ಮೇಲಿನಿಂದ ಕಾಲನ್ನೇ ತೆಗೆಯಬೇಕು.

"ಸುಟ್ಟವರು ಯಾರು?" ಎಂದು ಕೇಳಿದ.

"ನಾನೇ," ಎಂದಳು ಓಕ್ಬುನ್.

ಅವನು ಬೈಯಲಿಲ್ಲ, ಕಾಗದದಲ್ಲಿ ಬರೆದುಕೊಂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂವತ್ತೊಂದು ವರ್ಷ, ಅವನು ನಾಡಿ ಹುಡುಕಿದ ಆ ಜಾಗದ ಮೇಲೇ ಅವಳ ಕೈ ಸಾವಿರಾರು ಸಲ ಹಾದುಹೋಗಿತ್ತು. ಒಮ್ಮೆಯೂ ಅಲ್ಲಿ ನಿಂತಿರಲಿಲ್ಲ.

ಕಾಲು ತೆಗೆದ ಹದಿನೈದನೆಯ ದಿನ ಮಾಲ್ಸುಕ್ ವಾರ್ಡಿನಲ್ಲಿ ಕೂತು ಗಂಜಿ ಕುಡಿಯುತ್ತಿದ್ದಳು. ಗುಡ್ಡದ ಮನೆಯನ್ನು ಖಾಲಿ ಮಾಡಿಯಾಗಿತ್ತು. ಪಕ್ಕದ ಹಾಸಿಗೆಯವಳಿಗೆ ಅವಳು ತಂಗಿಯ ಗುಣಗಾನ ನಡೆಸಿದ್ದಳು. ನರ ಅಲ್ಲ ಅಂತ ಇವಳು ಮೊದಲ ದಿನವೇ ಹೇಳಿದ್ದಳು, ಡಾಕ್ಟರೂ ಅದನ್ನೇ ಹೇಳಿದ, ನನ್ನ ಹಣೆಬರಹ ಕೆಟ್ಟಿದ್ದಕ್ಕೆ ಇವಳೇನು ಮಾಡುತ್ತಾಳೆ ಎಂದು. ಸುಟ್ಟಿದ್ದಕ್ಕೇ ಕಾಲು ಹೋಯಿತು ಎಂಬುದನ್ನು ಓಕ್ಬುನ್ ಅಕ್ಕನಿಗೆ ಇನ್ನೂ ತಿಳಿಸಿರಲಿಲ್ಲ, ಬಟ್ಟಲಿಗೆ ಇನ್ನಷ್ಟು ಗಂಜಿ ಬಡಿಸಿದಳು.

ಪಕ್ಕದವಳು ಮಲಗಿದ ಮೇಲೆ ಮಾಲ್ಸುಕ್ ಹೊದಿಕೆ ಸರಿಸಿ ಎಡಗಾಲು ಮುಂದೆ ಚಾಚಿದಳು.

"ಇದೂ ಯಾಕೋ ತಣ್ಣಗಾಗ್ತಿದೆ. ಇದಕ್ಕೆ ಈಗಲೇ ಮಾಚಿಪತ್ರೆ ಇಡು. ಆ ಡಾಕ್ಟರ್ ಹುಡುಗನ್ನ ಕೇಳ್ಬೇಡ. ನಿನ್ ಕೈ ಸಾಕು ನಂಗೆ."

ಓಕ್ಬುನ್ ಎರಡು ಬೆರಳನ್ನು ಪಾದದ ಮೇಲಿಟ್ಟು ಕಾದಳು. ಏನೋ ಮಿಡಿಯಿತು. ಇದೆ, ಇದೆ ಎಂದು ಅವಳ ಮನಸ್ಸು ಅರಳಿತು. ಕಣ್ಣೀರೇ ಬಂತು. ಬೆರಳನ್ನು ತುಸು ಸಡಿಲಿಸಿ, ಇನ್ನೊಂದು ಕೈಯಿಂದ ತನ್ನದೇ ಮಣಿಕಟ್ಟು ಹಿಡಿದು ನೋಡಿದಳು. ಮಿಡಿತ ಎರಡೂ ಕಡೆ ಒಟ್ಟೊಟ್ಟಿಗೆ ಬರುತ್ತಿತ್ತು. ಅದು ಅವಳ ಬೆರಳ ತುದಿಯದೇ ಮಿಡಿತ. ಪಾದ ಸುಮ್ಮನಿತ್ತು.

"ಏನಾದ್ರೂ ಇದೆಯಾ?" ಎಂದಳು ಅಕ್ಕ.

"ಇಲ್ಲ ಕಣೆ," ಎಂದಳು ಓಕ್ಬುನ್. "ಏನೂ ಇಲ್ಲ."

ಮಾಲ್ಸುಕ್ ನಿರಾಳವಾಗಿ ನಕ್ಕು ದಿಂಬಿಗೆ ಒರಗಿದಳು.