ಒಂದು ಸಾಲು, ಒಂದು ಚಿತ್ರ

ಚಿಕ್ಕಪ್ಪ ಕುರ್ಚಿ ಹತ್ತಿ ಆ ಪುಸ್ತಕವನ್ನು ಅಟ್ಟದ ಹಿಂಬದಿಗೆ ತಳ್ಳುತ್ತಿದ್ದಾಗ ಆರೋಗ್ಯ ಕೇಂದ್ರದ ನರ್ಸ್ ಒಳಗೆ ಬಂದಳು.

"ಅದ್ಯಾಕೆ ಮೇಲಿಡ್ತೀರಿ? ಮರಿಗೆ ಇವತ್ತೇ ಅದು ಬೇಕಾಗಿರೋದು."

"ಇವತ್ತೊಂದಿನ ಬೇಡ ತಾಯಿ. ಅಕ್ಕ ಮಲಗಿದಾಳೆ ಅಂದಿದೀನಿ, ಸುಮ್ನಿದಾನೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಮರಿ ಸುಮ್ಮನಿದ್ದದ್ದೇನೋ ನಿಜ. ನಲವತ್ತೆರಡು ತುಂಬಿದ್ದರೂ ಬುದ್ಧಿ ಬೆಳೆಯದ ಅವನನ್ನು ಮನೆಯವರೆಲ್ಲ ಮರಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಆಸ್ಪತ್ರೆಯಿಂದ ತಂದ ಅವನ ಅಕ್ಕನ ಹೆಣ ಹಜಾರದಲ್ಲಿತ್ತು. ಅವನು ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಅಳಲು ಬಂದವರು ಸದ್ದಿಲ್ಲದೆ ಅತ್ತರು.

*

ಆರೋಗ್ಯ ಕೇಂದ್ರದಲ್ಲಿ ಚೀಟಿ ಬರೆಯುವುದು ಅಕ್ಕನ ಕೆಲಸ. ಕೆಲವು ವರ್ಷಗಳ ಹಿಂದೆ ಅಮ್ಮ ಸತ್ತಾಗ ಇದೇ ಚಿಕ್ಕಪ್ಪ "ಊರಿಗೆ ಹೋಗಿದಾಳೆ" ಎಂದಿದ್ದ. ಮರಿ ಹನ್ನೊಂದು ದಿನ ಬಸ್ ನಿಲ್ದಾಣದಲ್ಲಿ ಕೂತ. ಆಮೇಲೆ ಊಟ ಬಿಟ್ಟ, ತಲೆಯನ್ನು ಗೋಡೆಗೆ ಚಚ್ಚಿಕೊಂಡ. ಡಾಕ್ಟರು ಅವನತ್ತ ನೋಡದೆಯೇ "ಇಂಥವರು ಹೀಗೇ" ಎಂದು ಮಾತ್ರೆ ಹೆಚ್ಚಿಸಿದರು. ಅವನಿಗೂ ದುಃಖವಾಗುತ್ತದೆ ಎಂದು ಅಕ್ಕನಿಗೂ ತಡವಾಗಿಯೇ ಹೊಳೆಯಿತು. ಅದಕ್ಕಾಗಿ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ದಪ್ಪ ಪೆನ್ನು ಹಿಡಿದು ಅವನಿಗಾಗಿ ಒಂದು ಪುಸ್ತಕ ಬರೆಯತೊಡಗಿದಳು. ಹಾಳೆಗೊಂದು ಸಾಲು, ಒಂದು ಚಿತ್ರ. ಓದಿದ್ದನ್ನು ಮರಿ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಆಗದಿದ್ದರೆ ಹಾಳೆ ಹರಿಯಬೇಕು. 'ಮನಸ್ಸಿಗೆ ಮೋಡ ಕವಿದಿದೆ' ಎಂದು ಬರೆದ ದಿನ ಮರಿ ಓಡಿಹೋಗಿ ಹೊರಗೆ ಹರವಿದ್ದ ಬಟ್ಟೆಯನ್ನೆಲ್ಲ ಒಳಗೆ ತಂದ.

"ತಪ್ಪು ನಿಂದಲ್ಲ ಕಣೋ, ನಂದು," ಎಂದು ನಕ್ಕು ಅದನ್ನು ಹರಿದಳು.

ಕೊನೆಗೆ ನಿಂತದ್ದು ಐದೇ ಹಾಳೆ. ಅಮ್ಮ ಸತ್ತಳು. ಅವಳು ಇನ್ನು ಬರುವುದಿಲ್ಲ. ನನಗೆ ದುಃಖ. ಊಟ ಸೇರುವುದಿಲ್ಲ. ಅಕ್ಕನಿಗೆ ಹೇಳುತ್ತೇನೆ. ಮರಿ ಮಧ್ಯಾಹ್ನವೆಲ್ಲ ಅತ್ತ. ಸಂಜೆ ಎರಡು ಸಲ ಬಡಿಸಿಕೊಂಡು ಉಂಡ.

*

"ಅಕ್ಕನಿಗೆ ಹೇಳು ಅಂತಿದೆ ಅದ್ರಲ್ಲಿ," ಚಿಕ್ಕಪ್ಪ ಪಿಸುಗುಟ್ಟಿದ. "ಇನ್ಮೇಲೆ ಯಾರಿಗೆ ಹೇಳ್ತಾನೆ?"

"ನಿಮಗೆ. ನಿಮ್ಮ ಭಯ ಅದೇ ತಾನೆ? ನೀವು ಹೇಳದಿದ್ರೆ ನಾನೇ ಅವನಿಗೆ ಹೇಳ್ತೀನಿ."

"ಇದು ಮನೆ ವಿಷಯ. ನೀವು ಹೊರಗಿನವರು."

ಇಪ್ಪತ್ತು ವರ್ಷ ಅಕ್ಕನ ಪಕ್ಕದಲ್ಲೇ ಕೆಲಸ ಮಾಡಿದ ನರ್ಸ್ ಬಾಗಿಲಲ್ಲಿದ್ದ ಮರಿಯನ್ನು ದಾಟಿ ಅಂಗಳಕ್ಕಿಳಿದಳು. ಅಷ್ಟರಲ್ಲಿ ಗಾಡಿ ಬಂತು. ನಾಲ್ವರು ಅಕ್ಕನನ್ನು ಎತ್ತಿದರು.

"ಮೆಲ್ಲಗೆ," ಎಂದ ಮರಿ. "ಎದ್ಬಿಡ್ತಾಳೆ."

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ ಕೇಳಿದ: "ಮಲಗಿದವರನ್ನ ಎಲ್ಲಿಗೆ ಎತ್ಕೊಂಡು ಹೋಗ್ತಾರೆ?"

ಜೊತೆಗೆ ಉಳಿದಿದ್ದ ಚಿಕ್ಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಚಿಕ್ಕಪ್ಪ ಎಲ್ಲ ಮುಗಿಸಿ ಹಿಂತಿರುಗಿದಾಗಲೂ ಮರಿ ನಿಂತೇ ಇದ್ದ. ನಿಂತು ನಿಂತು ಪಾದಗಳು ಬಾತಿದ್ದವು. ಚಿಕ್ಕಪ್ಪ ತಾನೇ ಹಾಸಿಗೆ ಬಿಡಿಸಿ, ದಿಂಬು ತಟ್ಟಿ ಕರೆದ.

"ಬಾಪ್ಪಾ, ಸುಸ್ತಾಗಿದೀಯ. ಸ್ವಲ್ಪ ಹೊತ್ತು ಮಲಗು."

ಮರಿ ಹಿಂದೆ ಹಿಂದೆ ಸರಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಚಿಕ್ಕಪ್ಪ ಕಿಟಕಿಯಿಂದ ಇಣುಕಿ ನೋಡಿದ. ನಲ್ಲಿ ಪೂರ್ತಿ ಬಿಟ್ಟಿತ್ತು. ಮರಿ ಒಂದು ಕೈಯಿಂದ ರೆಪ್ಪೆಗಳನ್ನು ಅಗಲಿಸಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕಣ್ಣಿಗೆ ನೀರೆರಚಿಕೊಳ್ಳುತ್ತಿದ್ದ, ನಿದ್ದೆಗೆ ಮುಚ್ಚಿಹೋಗದಂತೆ.